ಟೆಲಿಫೋಟೊ ಮಸೂರ ನಡೆದು ಬಂದ ದಾರಿ: ಮಾಗಡಿ ಕೆರೆಯ ದಂಡೆಯಿಂದ ಒಂದು ನೋಟ

ಚಳಿಗಾಲ ಕಾಲಿಟ್ಟಿತೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ದೂರದ ಅತಿಥಿಗಳು ಬಂದಿಳಿಯುತ್ತವೆ. ಮಂಗೋಲಿಯಾ, ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಶಿರಹಟ್ಟಿ ತಾಲ್ಲೂಕಿನ ಈ ಚಿಕ್ಕ ಕೆರೆಯನ್ನು ಅರಸಿ ಬರುತ್ತವೆ. ಗದಗ-ಬೆಟಗೇರಿಯಿಂದ ಸುಮಾರು 26, ಲಕ್ಷ್ಮೇಶ್ವರದಿಂದ 11, ಶಿರಹಟ್ಟಿಯಿಂದ 8 ಕಿಲೋಮೀಟರ್ ದೂರದಲ್ಲಿರುವ ಈ ಕೆರೆಯನ್ನು ಕಟ್ಟಿದ್ದು ಮಳೆನೀರನ್ನು ಹಿಡಿದಿಟ್ಟು ಹೊಲಕ್ಕೆ ಹಾಯಿಸಲೆಂದು. ಇದರ ವಿಸ್ತಾರ ಸುಮಾರು 50 ಹೆಕ್ಟೇರ್. ಚಳಿಗಾಲದಲ್ಲಿ ಇಲ್ಲಿ ಸೇರುವ ಹೆಬ್ಬಾತುಗಳು ಸುಮಾರು 8,000. 2024ರಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿ, ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆನಿಸಿತು.

ಹಕ್ಕಿಗಳ ಹಿಂದೆಯೇ ಕ್ಯಾಮೆರಾ ಹಿಡಿದವರೂ ಬರುತ್ತಾರೆ. ಅವರಲ್ಲಿ ಹೊಸಬರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಯಾವ ಟೆಲಿಫೋಟೊ ಲೆನ್ಸ್ ಕೊಳ್ಳಬೇಕು? 300 ಸಾಕೇ, 400 ಬೇಕೇ, 600 ಆದರೆ ಇನ್ನೂ ಒಳ್ಳೆಯದೇ?’ ನೀವೂ ಈ ಪ್ರಶ್ನೆಯನ್ನು ಕೇಳಿರಬಹುದು. ಅಂಗಡಿಯವನ ಉತ್ತರ ನಿಮ್ಮ ಜೇಬನ್ನು ನೋಡಿ ಬರುತ್ತದೆ. ಗೆಳೆಯನ ಉತ್ತರ ಅವನ ಬಳಿ ಇರುವ ಲೆನ್ಸನ್ನು ನೋಡಿ ಬರುತ್ತದೆ. ಇವೆರಡಕ್ಕಿಂತ ನಂಬಿಕೆಗೆ ಅರ್ಹವಾದ ಉತ್ತರವೊಂದಿದೆ. ಅದು ಈ ಮಸೂರದ ಇತಿಹಾಸದಲ್ಲಿದೆ. ಯಾವ ತೊಂದರೆಯನ್ನು ನೀಗಲು ಯಾವ ಲೆನ್ಸ್ ಹುಟ್ಟಿತು ಎಂಬುದನ್ನು ತಿಳಿದರೆ, ನಿಮ್ಮ ತೊಂದರೆಗೆ ಯಾವುದು ಮದ್ದು ಎಂಬುದು ತಾನಾಗಿ ಹೊಳೆಯುತ್ತದೆ.

ಮೊದಲು ಒಂದು ಲೆಕ್ಕ

ಪಟ್ಟೆತಲೆ ಹೆಬ್ಬಾತಿನ ಉದ್ದ ಸುಮಾರು 75 ಸೆಂಟಿಮೀಟರ್. ಅದು ನಿಮ್ಮಿಂದ 100 ಮೀಟರ್ ದೂರದಲ್ಲಿ ನೀರಿನ ಮೇಲೆ ತೇಲುತ್ತಿದೆ ಎಂದಿಟ್ಟುಕೊಳ್ಳಿ. ಕ್ಯಾಮೆರಾದೊಳಗೆ ಮೂಡುವ ಬಿಂಬದ ಅಳತೆಯನ್ನು ಕಂಡುಹಿಡಿಯುವುದು ಸುಲಭ. ಹಕ್ಕಿಯ ಉದ್ದವನ್ನು ಮಸೂರದ ಸಂಗಮ ದೂರದಿಂದ ಗುಣಿಸಿ, ಹಕ್ಕಿಗೂ ನಮಗೂ ಇರುವ ಅಂತರದಿಂದ ಭಾಗಿಸಿದರಾಯಿತು. ಅಂಗಡಿಯಲ್ಲಿ ಫೋಕಲ್ ಲೆಂಗ್ತ್ ಎಂದು ಕರೆಯುವುದು ಈ ಸಂಗಮ ದೂರವನ್ನೇ. 

ಸಾಮಾನ್ಯ ಕ್ಯಾಮೆರಾದ 50 ಮಿಮೀ ಲೆನ್ಸಿನಲ್ಲಿ ನಮ್ಮ ಹೆಬ್ಬಾತಿನ ಬಿಂಬ 0.4 ಮಿಲಿಮೀಟರಿಗಿಂತಲೂ ಕಡಿಮೆ. ಗಸಗಸೆ ಕಾಳಿಗಿಂತ ಚಿಕ್ಕದು! 400 ಮಿಮೀ ಲೆನ್ಸಿನಲ್ಲಿ ಅದೇ ಹಕ್ಕಿ 3 ಮಿಲಿಮೀಟರ್, ಅಂದರೆ ಒಂದು ಎಳ್ಳಿನಷ್ಟು. 600 ಮಿಮೀ ಲೆನ್ಸಿನಲ್ಲಿ 4.5 ಮಿಲಿಮೀಟರ್, ಒಂದು ಜೋಳದ ಕಾಳಿನಷ್ಟು. ಲಕ್ಷಗಟ್ಟಲೆ ಹಣ ಸುರಿದು 400ರಿಂದ 600ಕ್ಕೆ ಏರಿದರೂ ಸಿಗುವುದು ಎಳ್ಳಿಗೂ ಜೋಳಕ್ಕೂ ಇರುವ ವ್ಯತ್ಯಾಸ ಮಾತ್ರ. ಆದರೆ ಹಕ್ಕಿ ತಾನಾಗಿ 50 ಮೀಟರ್ ದೂರಕ್ಕೆ ಈಜಿ ಬಂದರೆ 400ರ ಲೆನ್ಸಿನಲ್ಲೇ ಬಿಂಬ 6 ಮಿಲಿಮೀಟರ್ ಆಗುತ್ತದೆ. ಈ ಲೆಕ್ಕವನ್ನು ನೆನಪಿನಲ್ಲಿಡಿ. ವನ್ಯಜೀವಿ ಛಾಯಾಗ್ರಹಣದ ಇತಿಹಾಸವೆಲ್ಲ ಈ ಒಂದು ಲೆಕ್ಕದ ಸುತ್ತಲೇ ಸುತ್ತಿದೆ.

ಕೆಪ್ಲರನಿಂದ ಡಾಲ್ಮೆಯರನವರೆಗೆ

ಬಿಂಬ ದೊಡ್ಡದಾಗಬೇಕಾದರೆ ಸಂಗಮ ದೂರ ಹೆಚ್ಚಬೇಕು. ಒಂದೇ ಪೀನ ಮಸೂರವನ್ನು ಬಳಸಿದರೆ 1,000 ಮಿಮೀ ಸಂಗಮ ದೂರಕ್ಕೆ ಒಂದು ಮೀಟರ್ ಉದ್ದದ ಕೊಳವೆ ಬೇಕು. ಅದನ್ನು ಹೊತ್ತು ತಿರುಗುವವರು ಯಾರು?

ಇದಕ್ಕೆ ಪರಿಹಾರವನ್ನು ಛಾಯಾಗ್ರಹಣ ಹುಟ್ಟುವುದಕ್ಕೆ ಇನ್ನೂರು ವರ್ಷಗಳಿಗೂ ಮೊದಲೇ ಒಬ್ಬ ಖಗೋಳ ವಿಜ್ಞಾನಿ ತೋರಿಸಿದ್ದ. ಗ್ರಹಗಳ ಚಲನೆಯ ನಿಯಮಗಳಿಂದ ಹೆಸರಾದ ಯೊಹಾನೆಸ್ ಕೆಪ್ಲರ್ 1611ರಲ್ಲಿ ‘ಡಯೋಪ್ಟ್ರಿಸ್’ ಎಂಬ ಗ್ರಂಥವನ್ನು ಪ್ರಕಟಿಸಿದ. ಪೀನ ಮಸೂರದಿಂದ ಹೊರಟ ಬೆಳಕಿನ ಕಿರಣಗಳು ಒಂದೆಡೆ ಕೂಡುವ ಮುನ್ನವೇ ಅವುಗಳ ದಾರಿಯಲ್ಲಿ ಒಂದು ನಿಮ್ನ ಮಸೂರವನ್ನಿಟ್ಟರೆ ಏನಾಗುತ್ತದೆ? ಕಿರಣಗಳ ಬಾಗು ಕಡಿಮೆಯಾಗಿ, ಅವು ತುಸು ಹಿಂದಕ್ಕೆ ಹೋಗಿ ಕೂಡುತ್ತವೆ, ಬಿಂಬ ದೊಡ್ಡದಾಗುತ್ತದೆ. ಹೀಗೆ ಕೂಡುವ ಕಿರಣಗಳು ಬಹಳ ದೂರದಲ್ಲಿಟ್ಟ ಒಂಟಿ ಮಸೂರದಿಂದ ಬಂದಂತೆ ವರ್ತಿಸುತ್ತವೆ. ಅಂದರೆ ಕೊಳವೆ ಗಿಡ್ಡ, ಸಂಗಮ ದೂರ ಉದ್ದ. ಇದೇ ಟೆಲಿಫೋಟೊ ಮಸೂರದ ತತ್ತ್ವ. 1830ರ ದಶಕದಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೊ ಇದೇ ತತ್ತ್ವದ ನಿಮ್ನ ಮಸೂರವನ್ನು ದೂರದರ್ಶಕಕ್ಕೆ ಜೋಡಿಸಿದ. ಇಂದು ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸಿಕ್ಕಿಸುವ ಟೆಲಿಕನ್ವರ್ಟರ್ ಅದರ ವಂಶದ್ದೇ.

1891ರಲ್ಲಿ ಒಂದು ಸ್ವಾರಸ್ಯಕರ ಘಟನೆ ನಡೆಯಿತು. ಲಂಡನ್ನಿನ ಥಾಮಸ್ ರುಡೋಲ್ಫಸ್ ಡಾಲ್ಮೆಯರ್, ಬರ್ಲಿನ್ನಿನ ಅಡೋಲ್ಫ್ ಮೀತೆ ಮತ್ತು ಮ್ಯೂನಿಕ್‌ನ ಅಡೋಲ್ಫ್ ಸ್ಟೈನ್‌ಹೈಲ್ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕ್ಯಾಮೆರಾಕ್ಕೆ ಹೊಂದುವ ಟೆಲಿಫೋಟೊ ಮಸೂರಗಳನ್ನು ರೂಪಿಸಿದರು. ಡಾಲ್ಮೆಯರ್ 1899ರಲ್ಲಿ ಈ ವಿಷಯದ ಮೇಲೆ ಒಂದು ಪುಸ್ತಕವನ್ನೇ ಬರೆದ.

ಇಲ್ಲಿ ಒಂದು ಮಾತನ್ನು ಗಮನಿಸಿ. ಉದ್ದನೆಯ ಲೆನ್ಸುಗಳನ್ನೆಲ್ಲ ನಾವು ಟೆಲಿಫೋಟೊ ಎಂದೇ ಕರೆಯುತ್ತೇವೆ. ಶಾಸ್ತ್ರೀಯವಾಗಿ, ತನ್ನ ಸಂಗಮ ದೂರಕ್ಕಿಂತ ಗಿಡ್ಡವಾಗಿರುವ ಲೆನ್ಸು ಮಾತ್ರ ಟೆಲಿಫೋಟೊ. ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೂ ಇದೆ. ನಿಮ್ನ ಮಸೂರ ಬಿಂಬವನ್ನು ಹಿಗ್ಗಿಸುವಾಗ ಮುಂದಿನ ಮಸೂರದ ದೋಷಗಳನ್ನೂ ಹಿಗ್ಗಿಸುತ್ತದೆ. ಅದೇ ಬೆಳಕು ಹೆಚ್ಚು ಜಾಗಕ್ಕೆ ಹರಡಿ ಬಿಂಬ ಮಂಕಾಗುತ್ತದೆ. ಡಾಲ್ಮೆಯರನ ಕಾಲದ ಲೆನ್ಸುಗಳಿಂದ ಪರ್ವತ, ಗೋಪುರಗಳ ಚಿತ್ರ ಚೆನ್ನಾಗಿ ಬರುತ್ತಿತ್ತು. ಓಡುವ ಜಿಂಕೆಯನ್ನೂ ಹಾರುವ ಹಕ್ಕಿಯನ್ನೂ ಹಿಡಿಯಲು ಅವುಗಳ ಮಂದ ಬೆಳಕು ಸಾಲುತ್ತಿರಲಿಲ್ಲ.

ಅಡಗುವುದು, ದೂರ ನಿಲ್ಲುವುದು, ಕಾಯುವುದು

ಆದುದರಿಂದ ವನ್ಯಜೀವಿಗಳ ಚಿತ್ರ ತೆಗೆಯಲು ಹೊರಟ ಮೊದಲಿಗರು ಮೂರು ಬೇರೆಬೇರೆ ದಾರಿಗಳನ್ನು ಹಿಡಿದರು.

ಮೊದಲನೆಯದು ಅಡಗುವ ದಾರಿ. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕೀರ್ಟನ್ ಸಹೋದರರು 1892ರಲ್ಲಿ ಮೊಟ್ಟೆಗಳಿದ್ದ ಹಕ್ಕಿಯ ಗೂಡೊಂದರ ಚಿತ್ರ ತೆಗೆದರು. 1895ರಲ್ಲಿ ಬಂದ ಅವರ ಪುಸ್ತಕ ಬ್ರಿಟನ್ನಿನ ಹಕ್ಕಿಗಳ ಗೂಡುಗಳನ್ನು ಛಾಯಾಚಿತ್ರಗಳ ಮೂಲಕ ಪರಿಚಯಿಸಿತು. ಹಕ್ಕಿಗೆ ಅನುಮಾನ ಬಾರದಿರಲೆಂದು ಅವರು ಟೊಳ್ಳು ಎತ್ತಿನ ಆಕಾರವನ್ನು ಮಾಡಿ, ತೊಗಲು ಹೊದಿಸಿ, ಅದರೊಳಗೆ ಕ್ಯಾಮೆರಾದೊಂದಿಗೆ ಕುಳಿತರು! ಇಂದು ನಾವು ಬಳಸುವ ಮರೆಗೂಡಾರ ಅದರ ಸುಧಾರಿತ ರೂಪ.

ಎರಡನೆಯದು ದೂರ ನಿಲ್ಲುವ ದಾರಿ. ಜರ್ಮನಿಯ ಕಾರ್ಲ್ ಗೆಯೋರ್ಗ್ ಶಿಲ್ಲಿಂಗ್ಸ್ ಪೂರ್ವ ಆಫ್ರಿಕದ ಬಯಲಿಗೆ ಟೆಲಿಫೋಟೊ ಲೆನ್ಸನ್ನೂ ಮಿಂಚುಬೆಳಕಿನ ಪುಡಿಯನ್ನೂ ಹೊತ್ತೊಯ್ದ. 1905ರಲ್ಲಿ ಪ್ರಕಟವಾದ ಅವನ ಪುಸ್ತಕ ಕಾಡುಪ್ರಾಣಿಗಳನ್ನು ಅವುಗಳ ನೆಲೆಯಲ್ಲಿಯೇ ಜಗತ್ತಿಗೆ ತೋರಿಸಿತು.

ಮೂರನೆಯದು, ಪ್ರಾಣಿಯೇ ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡುವ ದಾರಿ. ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿಯಾಗಿದ್ದ ಎಫ್.ಡಬ್ಲ್ಯು. ಚಾಂಪಿಯನ್ ಕಾಡುದಾರಿಗೆ ಅಡ್ಡಲಾಗಿ ತಂತಿ ಕಟ್ಟಿದರು. ಹುಲಿಯ ಕಾಲು ತಗುಲಿದೊಡನೆ ಬೆಳಕು ಮಿಂಚಿ ಚಿತ್ರ ಮೂಡುತ್ತಿತ್ತು. ಅವರ ಪುಸ್ತಕ 1927ರಲ್ಲಿ ಬೆಳಕು ಕಂಡಿತು. ಅದೇ ಯೋಚನೆ ಮುಂದೆ ಅತಿಗೆಂಪು ಕಿರಣದ ಕ್ಯಾಮೆರಾ ಟ್ರ್ಯಾಪ್ ಆಯಿತು. 1990ರ ದಶಕದಲ್ಲಿ ಡಾ. ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಇಂತಹ ಕ್ಯಾಮೆರಾಗಳಿಂದ ಹುಲಿಗಳ ಪಟ್ಟೆಗಳನ್ನು ಗುರುತಿಸಿ, ಅವುಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು ರೂಪಿಸಿದರು.

ಈ ಮೂರು ದಾರಿಗಳೂ ಇಂದಿಗೂ ಜೀವಂತವಾಗಿವೆ. ಲೆನ್ಸ್ ಕೊಳ್ಳುವ ಮುನ್ನ ನಿಮ್ಮ ಪ್ರಾಣಿಗೆ ಯಾವ ದಾರಿ ಸರಿ ಎಂದು ಕೇಳಿಕೊಳ್ಳಿ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು. ಸುಮಾರು 244 ಚದರ ಕಿಲೋಮೀಟರಿನ ಈ ಧಾಮದಲ್ಲಿ ಕತ್ತೆಕಿರುಬ, ತೋಳ, ಕೊಂಡಕುರಿಗಳಿವೆ. ಕತ್ತೆಕಿರುಬ ರಾತ್ರಿಯ ಜೀವಿ. ಎಷ್ಟೇ ಉದ್ದದ, ಎಷ್ಟೇ ಬೆಲೆಯ ಟೆಲಿಫೋಟೊ ಲೆನ್ಸ್ ತಂದರೂ ಕತ್ತಲಲ್ಲಿ ಅದು ನಿಮಗೆ ದಕ್ಕದು. ಅಲ್ಲಿ ಬೇಕಾದುದು ಚಾಂಪಿಯನ್‌ರ ದಾರಿ. ಅದೂ ಅರಣ್ಯ ಇಲಾಖೆಯ ಅನುಮತಿಯೊಂದಿಗೆ.

ಕನ್ನಡ ನಾಡಿನ ಮಸೂರಗಳು

ಎರಡು ಮಹಾಯುದ್ಧಗಳ ನಡುವೆ 35 ಮಿಮೀ ಫಿಲ್ಮಿನ ಚಿಕ್ಕ ಕ್ಯಾಮೆರಾಗಳು ಬಂದವು. ಚೌಕಟ್ಟು ಕೇವಲ 24×36 ಮಿಲಿಮೀಟರ್ ಆದುದರಿಂದ, ದೊಡ್ಡ ಗಾಜಿನ ಫಲಕದಲ್ಲಿ ಮೂಲೆಗೆ ಬೀಳುತ್ತಿದ್ದ ಬಿಂಬ ಇಲ್ಲಿ ಚೌಕಟ್ಟನ್ನು ತುಂಬತೊಡಗಿತು. ಲೆನ್ಸಿನ ಮೂಲಕವೇ ನೋಡಿ ಚಿತ್ರ ತೆಗೆಯಬಹುದಾದ ಕೀನೆ ಎಕ್ಸಾಕ್ಟಾ ಎಂಬ 35 ಮಿಮೀ ರಿಫ್ಲೆಕ್ಸ್ ಕ್ಯಾಮೆರಾ 1936ರಲ್ಲಿ ಬಂದಿತು. ಉದ್ದನೆಯ ಲೆನ್ಸಿಗೆ ಇದು ದೊಡ್ಡ ವರವಾಯಿತು. ಏಕೆಂದರೆ ಪಕ್ಕದ ಕಿಂಡಿಯಲ್ಲಿ ನೋಡಿ ಅಂದಾಜಿನ ಮೇಲೆ 400 ಮಿಮೀ ಲೆನ್ಸನ್ನು ಗುರಿಯಿಡುವುದು ಆಗದ ಮಾತು. 1959ರ ನಿಕಾನ್ ಎಫ್ ಕ್ಯಾಮೆರಾದ ಹೊತ್ತಿಗೆ ರಿಫ್ಲೆಕ್ಸ್ ಕ್ಯಾಮೆರಾ ವೃತ್ತಿಪರರ ಸಾಧನವಾಗಿ ನೆಲೆಯೂರಿತು.

ನಮ್ಮಲ್ಲಿ ಈ ಸಾಧನಗಳು ಸುಲಭವಾಗಿ ದೊರೆಯುತ್ತಿರಲಿಲ್ಲ. 1991ರ ಆರ್ಥಿಕ ಉದಾರೀಕರಣಕ್ಕೆ ಮೊದಲು ವಿದೇಶಿ ಸಾಮಗ್ರಿಯ ಆಮದಿಗೆ ಬಿಗಿಯಾದ ಕಟ್ಟುಪಾಡುಗಳಿದ್ದವು. ಇದ್ದುದರಲ್ಲೇ ಸಾಧಿಸಬೇಕಾಗಿತ್ತು. 1940ರ ದಶಕದಲ್ಲಿ ಸಂಡೂರು ಸಂಸ್ಥಾನದ ನೌಕರಿಯಲ್ಲಿದ್ದ ನಿಸರ್ಗ ಲೇಖಕ ಎಂ. ಕೃಷ್ಣನ್ (1912-1996) ತಾವೇ ಜೋಡಿಸಿಕೊಂಡ ಭಾರಿ ತೂಕದ ಕ್ಯಾಮೆರಾಕ್ಕೆ ‘ಸೂಪರ್ ಪೊಂಡೆರೋಸಾ’ ಎಂದು ವಿನೋದವಾಗಿ ಹೆಸರಿಟ್ಟಿದ್ದರು. ಅವರ ಕಪ್ಪುಬಿಳುಪು ಆನೆಯ ಚಿತ್ರಗಳು ಇಂದಿಗೂ ಪ್ರಾಣಿಯ ನಡವಳಿಕೆಯ ದಾಖಲೆಗಳಾಗಿ ಉಳಿದಿವೆ. ಅದೇ ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆಯವರು (1931-2011) ರಾಜ್ಯದ ಹಣಕಾಸು ಸಚಿವರಾಗಿದ್ದವರು. ಅವರು ಕಾಡಿನಲ್ಲಿ ಬೆಳಕಿಗಾಗಿ ಕಾದು ತೆಗೆದ ಚಿತ್ರಗಳ ಪುಸ್ತಕ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ 1983ರಲ್ಲಿ ಬಂದಿತು. ಬೆಂಗಳೂರಿನಲ್ಲಿ ಒ.ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ (1932-2017) ಒಂದು ಪರಂಪರೆಯನ್ನೇ ಕಟ್ಟಿದರು. 1971ರಲ್ಲಿ ಆರಂಭವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂತಹ ಸಂಘಗಳು ಹೊಸಬರಿಗೆ ಪಾಠಶಾಲೆಗಳಾದವು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದು, ಕನ್ನಡದ ಓದುಗರಿಗೆ ಹಕ್ಕಿಗಳ ಪುಸ್ತಕಗಳನ್ನು ಕೊಟ್ಟರು.

ಇವರೆಲ್ಲರ ಕಾಲದ ಉದ್ದ ಲೆನ್ಸುಗಳಲ್ಲಿ ಎರಡು ಬಗೆಗಳನ್ನು ನೀವು ತಿಳಿದಿರಬೇಕು. ಒಂದು, 1948ರಲ್ಲಿ ಸ್ಥಾಪನೆಯಾದ ಜರ್ಮನಿಯ ನೋವೊಫ್ಲೆಕ್ಸ್ ಸಂಸ್ಥೆಯದು. ಪಿಸ್ತೂಲಿನಂತಹ ಹಿಡಿಕೆಯನ್ನು ಹಿಸುಕುತ್ತ ಹೋದರೆ ಫೋಕಸ್ ಬದಲಾಗುತ್ತಿತ್ತು. ಒಳಗಿನ ಮಸೂರಗಳು ಬೆರಳೆಣಿಕೆಯಷ್ಟು. ಆದರೆ ಹಾರುವ ಹಕ್ಕಿಯನ್ನು ಹಿಂಬಾಲಿಸಲು ಆ ಕಾಲಕ್ಕೆ ಅದಕ್ಕಿಂತ ಚುರುಕಾದುದು ವಿರಳ. ಇನ್ನೊಂದು, ಸೋವಿಯತ್ ವಿಜ್ಞಾನಿ ದ್ಮಿತ್ರಿ ಮಕ್ಸುತೋವ್ 1941ರಲ್ಲಿ ರೂಪಿಸಿದ ದೂರದರ್ಶಕದ ಮಾದರಿಯ ದರ್ಪಣ ಲೆನ್ಸ್. ಬೆಳಕು ನಿಮ್ನ ದರ್ಪಣಕ್ಕೆ ಬಡಿದು, ಹಿಂದಕ್ಕೆ ಬಂದು, ಮತ್ತೆ ಪ್ರತಿಫಲಿಸಿ ಕ್ಯಾಮೆರಾ ಸೇರುತ್ತದೆ. ದಾರಿ ಮಡಿಸಿದಂತಾಗುವುದರಿಂದ 500 ಮಿಮೀ ಲೆನ್ಸ್ ಒಂದು ಚೊಂಬಿನಷ್ಟು ಗಿಡ್ಡವಾಗುತ್ತದೆ. ದರ್ಪಣ ಎಲ್ಲ ಬಣ್ಣಗಳನ್ನೂ ಒಂದೇ ರೀತಿ ಪ್ರತಿಫಲಿಸುವುದರಿಂದ ಬಣ್ಣದ ದೋಷವೂ ಕಡಿಮೆ. ಆದರೆ ಬೆಳಕು ಮಂದ. ರಂಧ್ರದ ಅಳತೆಯನ್ನು ಬದಲಿಸುವಂತಿಲ್ಲ. ಹಕ್ಕಿಯ ಹಿಂದೆ ನೀರಿನಲ್ಲಿ ಮಿನುಗುವ ಪ್ರತಿಯೊಂದು ಚುಕ್ಕೆಯೂ ಚಿತ್ರದಲ್ಲಿ ಉದ್ದಿನ ವಡೆಯಂತೆ ನಡುವೆ ತೂತುಳ್ಳ ಬಳೆಯಾಗಿ ಮೂಡುತ್ತದೆ. ಬಿಸಿಲು ಹೊಳೆಯುವ ಕೆರೆಯ ಮೇಲೆ ಇಂತಹ ಲೆನ್ಸ್ ಬಳಸುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಹಳೆಯ ದರ್ಪಣ ಲೆನ್ಸುಗಳು ಇಂದು ಅಗ್ಗವಾಗಿ ಸಿಗಲು ಇದೂ ಒಂದು ಕಾರಣ.

ಬಣ್ಣ, ನಡುಕ, ಭಾರ

ಉದ್ದ ಲೆನ್ಸಿನ ಮೂರು ಶತ್ರುಗಳನ್ನು ಇಪ್ಪತ್ತನೆಯ ಶತಮಾನದ ಕೊನೆಯ ಭಾಗ ಒಂದೊಂದಾಗಿ ಎದುರಿಸಿತು.

ಮೊದಲ ಶತ್ರು ಬಣ್ಣ. ಗಾಜು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಬಾಗಿಸುತ್ತದೆ. ಹೀಗಾಗಿ ಬೇರೆಬೇರೆ ಬಣ್ಣಗಳು ಬೇರೆಬೇರೆ ದೂರದಲ್ಲಿ ಕೂಡಿ, ಬಿಳಿ ಗರಿಯ ಅಂಚಿಗೆ ನೇರಳೆ ಗೆರೆ ಮೂಡುತ್ತದೆ. ಸಂಗಮ ದೂರ ಹೆಚ್ಚಿದಂತೆ ಈ ದೋಷವೂ ಹೆಚ್ಚು. ಫ್ಲೋರೈಟ್ ಎಂಬ ಕ್ಯಾಲ್ಸಿಯಂ ಫ್ಲೋರೈಡ್ ಹರಳು ಬಣ್ಣಗಳನ್ನು ಬಹಳ ಕಡಿಮೆ ಚದುರಿಸುತ್ತದೆ. ಆದರೆ ಲೆನ್ಸಿಗೆ ಸಾಲುವಷ್ಟು ದೊಡ್ಡ, ಶುದ್ಧ ಹರಳು ನಿಸರ್ಗದಲ್ಲಿ ದುರ್ಲಭ. ಜಪಾನಿನ ಕ್ಯಾನನ್ ಸಂಸ್ಥೆ ಕೃತಕ ಹರಳನ್ನು ಬೆಳೆಸಿ 1969ರಲ್ಲಿ 300 ಮಿಮೀ ಲೆನ್ಸಿನಲ್ಲಿ ಬಳಸಿತು. ನಿಕಾನ್ ಸಂಸ್ಥೆ 1970ರ ದಶಕದ ಆರಂಭದಿಂದ ಬಣ್ಣ ಚದುರಿಸದ ವಿಶೇಷ ಗಾಜನ್ನು ತಯಾರಿಸಿತು. ಇಂದು ಲೆನ್ಸಿನ ಹೆಸರಿನಲ್ಲಿ ಕಾಣುವ ‘ಇಡಿ’ ಎಂಬ ಎರಡಕ್ಷರ ಈ ಗಾಜಿನ ಗುರುತು.

ಎರಡನೆಯ ಶತ್ರು ನಡುಕ. 400 ಮಿಮೀ ಲೆನ್ಸು ಹಕ್ಕಿಯನ್ನು 50 ಮಿಮೀ ಲೆನ್ಸಿಗಿಂತ ಎಂಟು ಪಟ್ಟು ಹಿಗ್ಗಿಸುವಾಗ ನಿಮ್ಮ ಕೈನಡುಕವನ್ನೂ ಎಂಟು ಪಟ್ಟು ಹಿಗ್ಗಿಸುತ್ತದೆ. 400 ಮಿಮೀಗೆ ಕನಿಷ್ಠ 1/400 ಸೆಕೆಂಡಿನ ಷಟರ್ ವೇಗ ಬೇಕೆಂಬ ಹಳೆಯ ಸೂತ್ರ ಹುಟ್ಟಿದ್ದು ಇದರಿಂದಲೇ. 1995ರಲ್ಲಿ ಕ್ಯಾನನ್ ಸಂಸ್ಥೆಯ 75-300 ಮಿಮೀ ಲೆನ್ಸಿನಲ್ಲಿ ನಡುಕ ತಡೆಯುವ ಏರ್ಪಾಡು ಬಂದಿತು. ಸೂಕ್ಷ್ಮ ಸಂವೇದಕಗಳು ಕೈ ಅಲುಗಿದ್ದನ್ನು ಅಳೆಯುತ್ತವೆ. ಒಳಗಿನ ಒಂದು ಮಸೂರದ ಗುಂಪು ಎದುರು ದಿಕ್ಕಿಗೆ ಸರಿದು ಬಿಂಬವನ್ನು ನಿಲ್ಲಿಸುತ್ತದೆ. ಆದರೆ ನೆನಪಿಡಿ: ಅದು ನಿಲ್ಲಿಸುವುದು ನಿಮ್ಮ ಕೈಯನ್ನು, ಹಕ್ಕಿಯ ರೆಕ್ಕೆಯನ್ನಲ್ಲ. ಹಾರುವ ಹೆಬ್ಬಾತಿಗೆ 1/1000 ಸೆಕೆಂಡಿಗಿಂತ ಚುರುಕಾದ ಷಟರ್ ಬೇಕೇ ಬೇಕು.

ಮೂರನೆಯ ಶತ್ರು ಭಾರ. ಎಫ್ ಸಂಖ್ಯೆ ಎಂದರೆ ಸಂಗಮ ದೂರವನ್ನು ಬೆಳಕಿನ ರಂಧ್ರದ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ. 400 ಮಿಮೀ ಎಫ್/2.8 ಲೆನ್ಸಿನ ಮುಂದಿನ ಗಾಜು ಕಡೇ ಪಕ್ಷ 143 ಮಿಲಿಮೀಟರ್ ಅಗಲ ಇರಲೇಬೇಕು, ಎಫ್/5.6 ಆದರೆ 71 ಮಿಲಿಮೀಟರ್ ಸಾಕು. 1999ರ ಕ್ಯಾನನ್ 400 ಎಫ್/2.8 ಲೆನ್ಸು 5 ಕಿಲೋಗ್ರಾಮಿಗೂ ಹೆಚ್ಚು ತೂಗುತ್ತಿತ್ತು. 2018ರ ಹೊಸ ಆವೃತ್ತಿ 3 ಕಿಲೋಗ್ರಾಮಿಗಿಂತ ಕಡಿಮೆ. ಬೆಲೆ ಮಾತ್ರ ಇಳಿಯಲಿಲ್ಲ. ಅದು ಒಂದು ಕಾರಿನ ಬೆಲೆ! 

ಭಾರ ಇಳಿಸುವ ಇನ್ನೊಂದು ಉಪಾಯ ದೀಪಸ್ತಂಭದಿಂದ ಬಂದಿತು. 1820ರ ದಶಕದಲ್ಲಿ ಫ್ರಾನ್ಸಿನ ಒಗಸ್ಟೀನ್ ಫ್ರೆನೆಲ್ ದಪ್ಪ ಮಸೂರದ ಬದಲು ಉಂಗುರ ಉಂಗುರವಾಗಿ ಕೆತ್ತಿದ ತೆಳುವಾದ ಮಸೂರವನ್ನು ದೀಪಸ್ತಂಭಗಳಿಗೆ ಮಾಡಿದ್ದ. ಉಂಗುರಗಳನ್ನು ಅತಿ ಸೂಕ್ಷ್ಮವಾಗಿ ಕೆತ್ತಿ, ಬೆಳಕಿನ ವಿವರ್ತನೆಯನ್ನು ಬಳಸಿಕೊಳ್ಳುವ ಲೆನ್ಸು 2001ರಲ್ಲಿ ಬಂದಿತು. 2018ರ ನಿಕಾನ್ 500 ಮಿಮೀ ಎಫ್/5.6 ಲೆನ್ಸು ಇದೇ ಜಾತಿಯದು. ತೂಕ ಒಂದೂವರೆ ಕಿಲೋಗ್ರಾಮಿನೊಳಗೆ.

ಡಿಜಿಟಲ್ ಸಂವೇದಕ ಬದಲಿಸಿದ ಲೆಕ್ಕ

ಫಿಲ್ಮಿನ ಕಾಲದಲ್ಲಿ ಹಿರಿಯರು ಹೇಳುತ್ತಿದ್ದ ಬುದ್ಧಿಮಾತು ಒಂದೇ: ಕೈಲಾದಷ್ಟು ದೊಡ್ಡ ರಂಧ್ರದ ಲೆನ್ಸ್ ಕೊಳ್ಳಿ. ಅದಕ್ಕೆ ಕಾರಣವಿತ್ತು. ಒಳ್ಳೆಯ ಬಣ್ಣದ ಫಿಲ್ಮಿನ ಐಎಸ್‌ಒ ವೇಗ 64 ಅಥವಾ 100. ಮುಂಜಾನೆಯ ಮಂದ ಬೆಳಕಿನಲ್ಲಿ ಎಫ್/2.8ಕ್ಕೆ 1/500 ಸೆಕೆಂಡ್ ಸಿಕ್ಕರೆ, ಎಫ್/5.6ಕ್ಕೆ ಅದರ ಕಾಲುಭಾಗ ಬೆಳಕು, ಅಂದರೆ 1/125 ಸೆಕೆಂಡ್ ಮಾತ್ರ. ಹಕ್ಕಿ ಮಸುಕಾಗುವುದು ಖಚಿತ.

ಇಂದಿನ ಡಿಜಿಟಲ್ ಸಂವೇದಕಗಳು ಐಎಸ್‌ಒ 3200ರಲ್ಲೂ ಒಪ್ಪುವಂತಹ ಚಿತ್ರ ಕೊಡುತ್ತವೆ. ಇದು 100ರ ಫಿಲ್ಮಿಗಿಂತ 32 ಪಟ್ಟು ಚುರುಕು. ಗಾಜು ದೊಡ್ಡದಿಲ್ಲದ ಕೊರತೆಯನ್ನು ಸಂವೇದಕ ಬಹುಮಟ್ಟಿಗೆ ತುಂಬಿಕೊಡುತ್ತದೆ. 2013ರ ಬಳಿಕ ಟ್ಯಾಮ್ರಾನ್, ಸಿಗ್ಮಾ ಸಂಸ್ಥೆಗಳ 150-600 ಮಿಮೀ ಜೂಮ್‌ಗಳು, 2015ರಲ್ಲಿ ನಿಕಾನ್‌ನ 200-500 ಮಿಮೀ ಜೂಮ್ ಜನಪ್ರಿಯವಾದುದು ಇದರಿಂದಲೇ. 2020ರಲ್ಲಿ ಕ್ಯಾನನ್ ಎಫ್/11 ರಂಧ್ರದ 600 ಮತ್ತು 800 ಮಿಮೀ ಲೆನ್ಸುಗಳನ್ನು ತಂದಿತು. 600 ಮಿಮೀ ಲೆನ್ಸಿನ ತೂಕ ಒಂದು ಕಿಲೋಗ್ರಾಮಿಗಿಂತ ಕಡಿಮೆ. ಫಿಲ್ಮಿನ ಕಾಲದಲ್ಲಿ ಎಫ್/11 ಎಂದರೆ ನಕ್ಕುಬಿಡುತ್ತಿದ್ದರು.

ಚಿಕ್ಕ ಸಂವೇದಕದ ಕ್ಯಾಮೆರಾದಲ್ಲಿ ‘400 ಮಿಮೀ ಲೆನ್ಸು 600 ಆಗುತ್ತದೆ’ ಎಂಬ ಮಾತನ್ನು ನೀವು ಕೇಳಿರಬಹುದು. ಬಿಂಬ ದೊಡ್ಡದಾಗುವುದಿಲ್ಲ. ನಮ್ಮ ಹೆಬ್ಬಾತು ಆಗಲೂ 3 ಮಿಲಿಮೀಟರೇ. ಸುತ್ತಲಿನ ನೀರು ಚೌಕಟ್ಟಿನಿಂದ ಹೊರಗುಳಿಯುತ್ತದೆ, ಅಷ್ಟೆ. ನಿಜವಾಗಿ ಲೆಕ್ಕಕ್ಕೆ ಬರುವುದು ಆ 3 ಮಿಲಿಮೀಟರಿನಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ ಎಂಬುದು. ಒಂದು ಪಿಕ್ಸೆಲ್ 0.004 ಮಿಲಿಮೀಟರ್ ಆದರೆ ಹಕ್ಕಿಯ ಉದ್ದಕ್ಕೆ 750 ಪಿಕ್ಸೆಲ್. ಪತ್ರಿಕೆಯಲ್ಲಿ ಚಿಕ್ಕದಾಗಿ ಅಚ್ಚು ಹಾಕಲು, ಹಕ್ಕಿಯನ್ನು ಗುರುತಿಸಲು ಇದು ಸಾಕು.

ಗುರುತಿಸುವುದು ಎಂದೆವಲ್ಲ, ಅದರ ಬೆಲೆ ದೊಡ್ಡದು. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಅಕ್ಷರ ಬರೆದ ಪಟ್ಟಿಯನ್ನು ಕೊರಳಿಗೆ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಪಟ್ಟಿಯ ಮೇಲಿನ ಅಕ್ಷರ 2 ಸೆಂಟಿಮೀಟರ್ ಎತ್ತರವಿದೆ ಎಂದುಕೊಂಡರೆ, 100 ಮೀಟರ್ ದೂರದಿಂದ 400 ಮಿಮೀ ಲೆನ್ಸಿನಲ್ಲಿ ಅದು 20 ಪಿಕ್ಸೆಲ್ ಎತ್ತರಕ್ಕೆ ಮೂಡುತ್ತದೆ; ಓದಬಹುದು. ಬಂದೂಕಿಲ್ಲದೆ, ಬಲೆಯಿಲ್ಲದೆ, ಹಕ್ಕಿಯನ್ನು ಎಬ್ಬಿಸದೆ, ಅದು ಎಲ್ಲಿಂದ ಬಂದಿತೆಂದು ಹೇಳುವ ಶಕ್ತಿ ಇಂದು ನಿಮ್ಮ ಕೈಯಲ್ಲಿದೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು?

ಈ ಇತಿಹಾಸ ಹೇಳುವ ಮಾತು ಸರಳ. ಉದ್ದ, ಬೆಳಕು, ಹಗುರ - ಈ ಮೂರನ್ನೂ ಒಟ್ಟಿಗೆ ಕೊಡುವ ಲೆನ್ಸನ್ನು ಯಾರೂ ಇನ್ನೂ ಮಾಡಿಲ್ಲ. ಎರಡನ್ನು ಆರಿಸಿಕೊಂಡು ಒಂದನ್ನು ಬಿಟ್ಟುಕೊಡಬೇಕು. ಯಾವುದನ್ನು ಬಿಡಬೇಕೆಂಬುದನ್ನು ನಿಮ್ಮ ಊರಿನ ಬಿಸಿಲು ಮತ್ತು ನಿಮ್ಮ ಪ್ರಾಣಿಯ ಸ್ವಭಾವ ತೀರ್ಮಾನಿಸಲಿ.

ಮಾಗಡಿ ಕೆರೆಯಂತಹ ಬಯಲಿನಲ್ಲಿ ಚಳಿಗಾಲದ ಬಿಸಿಲಿಗೆ ಕೊರತೆಯಿಲ್ಲ. ಬಿಡಬಹುದಾದುದು ಬೆಳಕು. ಎಫ್/5.6 ಅಥವಾ ಎಫ್/6.3ರ 400ರಿಂದ 600 ಮಿಮೀ ಲೆನ್ಸು ಇಲ್ಲಿ ಧಾರಾಳವಾಗಿ ಸಾಕು. ಕೆರೆಯ ದಂಡೆಯಲ್ಲಿ ಒಂದು ಕಡೆ ಕುಳಿತಿರುವವರಿಗೆ ಭಾರವೂ ಅಷ್ಟು ಬಾಧಿಸದು. ಮುಕ್ಕಾಲಿ ಇಲ್ಲದಿದ್ದರೆ ಚಿಂತೆಯಿಲ್ಲ. ಬಟ್ಟೆಯ ಚೀಲಕ್ಕೆ ಎರಡು ಸೇರು ಹೆಸರುಕಾಳು ತುಂಬಿ ಕಲ್ಲಿನ ಮೇಲಿಟ್ಟು, ಅದರ ಮೇಲೆ ಲೆನ್ಸನ್ನು ಒರಗಿಸಿದರೆ ಬಹಳ ಒಳ್ಳೆಯ ಆಸರೆ.

ಕಪ್ಪತಗುಡ್ಡದ ಕುರುಚಲು ಕಾಡಿನ ಸುತ್ತ ನಡೆದಾಡುವವರಿಗೆ ಮುಖ್ಯವಾದುದು ಹಗುರ. ಅಲ್ಲಿ ಪ್ರಾಣಿ ಎದುರಾಗುವುದು ಅನಿರೀಕ್ಷಿತವಾಗಿ, ದೂರವೂ ನಿಶ್ಚಿತವಲ್ಲ. 100-400 ಮಿಮೀಯಂತಹ ಜೂಮ್ ಅನುಕೂಲ. ಆದರೆ ಸೂರ್ಯ ಮುಳುಗುವ ಹೊತ್ತಿನಲ್ಲಿ ಹೊರಬೀಳುವ ತೋಳ, ನರಿಗಳೇ ನಿಮ್ಮ ಗುರಿಯಾದರೆ ಎಫ್/4 ಅಥವಾ ಎಫ್/2.8 ಬೇಕಾಗುತ್ತದೆ. ಆಗ ಭಾರವನ್ನೂ ಬೆಲೆಯನ್ನೂ ಹೊರಲೇಬೇಕು.

ಟೆಲಿಕನ್ವರ್ಟರಿನ ಆಸೆಗೂ ಮಿತಿ ಇರಲಿ. 1.4 ಪಟ್ಟಿನದು ಅರ್ಧ ಬೆಳಕನ್ನೂ, 2 ಪಟ್ಟಿನದು ಮುಕ್ಕಾಲು ಬೆಳಕನ್ನೂ ನುಂಗುತ್ತದೆ. ಎಫ್/6.3ರ ಜೂಮ್‌ಗೆ 2 ಪಟ್ಟಿನದನ್ನು ಜೋಡಿಸುವುದು ಬಾರ್ಲೊನ ತತ್ತ್ವಕ್ಕೆ ಮಾಡುವ ಅನ್ಯಾಯ.

ಕೈಬದಲಾದ ಲೆನ್ಸ್ ಕೊಳ್ಳುವವರು ಒಳಗೆ ಟಾರ್ಚ್ ಬಿಟ್ಟು ನೋಡಿ. ಗಾಜಿನ ಮೇಲೆ ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು. ಗಾಜಿನ ಲೇಪವನ್ನು ಅದು ತಿಂದಿದ್ದರೆ ಒರೆಸಿದರೂ ಕಲೆ ಹೋಗದು. ಕೊಂಡ ಮೇಲೆ ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳ ಜೊತೆ ಇಡಿ. ಹೊಸ ಲೆನ್ಸಿನ ಕೈ ಪಳಗಿಸಿಕೊಳ್ಳಲು ಕೆರೆಗೇ ಓಡಬೇಕಿಲ್ಲ. ಗದಗದ ಬಳಿಯ ಬಿಂಕದಕಟ್ಟಿ ಮೃಗಾಲಯವೋ, ನಿಮ್ಮ ಓಣಿಯ ಮೇಲೆ ಸುತ್ತುವ ಹದ್ದುಗಳೋ ಸಾಕು.

ಎಷ್ಟೇ ದುಬಾರಿ ಲೆನ್ಸು ಗೆಲ್ಲಲಾಗದ ಒಂದು ಸಂಗತಿಯೂ ಇದೆ. ಹೊತ್ತೇರಿದಂತೆ ಎರೆಹೊಲ ಕಾಯುತ್ತದೆ. ಬಿಸಿಗಾಳಿ ಮೇಲೇಳುತ್ತ ತಂಪು ಗಾಳಿಯೊಡನೆ ಬೆರೆಯುತ್ತದೆ. ಅವೆರಡರ ವಕ್ರೀಭವನ ಬೇರೆಬೇರೆಯಾದುದರಿಂದ ಬೆಳಕು ನಡುಗುತ್ತದೆ. ದೂರದ ಹಕ್ಕಿ ನೀರಿನಡಿಯ ಕಲ್ಲಿನಂತೆ ಅಲುಗುತ್ತದೆ. ನಡುಕ ತಡೆಯುವ ಯಂತ್ರ ಇದನ್ನು ತಡೆಯದು. ಲೆನ್ಸು ಉದ್ದವಾದಷ್ಟೂ ಈ ಅಲುಗಾಟ ಹೆಚ್ಚು ಕಾಣುತ್ತದೆ. ನಡುಹಗಲಿನ 600 ಮಿಮೀ ಲೆನ್ಸಿಗಿಂತ ಮುಂಜಾನೆ ಏಳು ಗಂಟೆಯ 300 ಮಿಮೀ ಲೆನ್ಸು ಮೇಲು. ಬೇಗ ಏಳುವುದಕ್ಕೆ ದುಡ್ಡು ಬೇಕಿಲ್ಲ!

ಆ ನೂರು ಮೀಟರ್ ಯಾರದು?

ಕೊನೆಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ನಾವು ಆರಂಭದಲ್ಲಿ ಮಾಡಿದ ಲೆಕ್ಕದ ಪ್ರಕಾರ ಅಂತರ ಅರ್ಧವಾದರೆ ಬಿಂಬ ಇಮ್ಮಡಿಯಾಗುತ್ತದೆ. ಇದು ಖರ್ಚಿಲ್ಲದ ಟೆಲಿಕನ್ವರ್ಟರ್! ಆದುದರಿಂದಲೇ ಕೈಯಲ್ಲಿ 600 ಮಿಮೀ ಲೆನ್ಸ್ ಹಿಡಿದವರೂ ಇನ್ನೂ ಹತ್ತು ಹೆಜ್ಜೆ, ಇನ್ನೂ ಹತ್ತು ಹೆಜ್ಜೆ ಎಂದು ನೀರಿನತ್ತ ಸರಿಯುತ್ತಾರೆ. ಒಂದು ಕ್ಷಣದಲ್ಲಿ ಇಡೀ ಹಿಂಡು ಎದ್ದು ಹಾರುತ್ತದೆ. ಚಿತ್ರ ಸೊಗಸಾಗಿ ಬರಬಹುದು. ಅದರ ಖರ್ಚು ಯಾರ ಲೆಕ್ಕಕ್ಕೆ?

ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟುವಾಗ 7,290 ಮೀಟರ್ ಎತ್ತರದವರೆಗೆ ಹಾರಿದ್ದನ್ನು ವಿಜ್ಞಾನಿಗಳು ಉಪಗ್ರಹ ಸಂಪರ್ಕದ ಯಂತ್ರದಿಂದ ದಾಖಲಿಸಿದ್ದಾರೆ. ಆ ಎತ್ತರದಲ್ಲಿ ಆಮ್ಲಜನಕ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ಕಡಿಮೆ. ಎರಡು-ಮೂರು ಕಿಲೋಗ್ರಾಮ್ ತೂಗುವ ಹಕ್ಕಿಗೆ ಆ ಪ್ರಯಾಣದ ಇಂಧನ ಮೈಯಲ್ಲಿ ಕೂಡಿಟ್ಟ ಕೊಬ್ಬು. ನಮ್ಮ ಹೊಲಗಳಲ್ಲಿ ಮೇಯ್ದು, ನಮ್ಮ ಕೆರೆಯಲ್ಲಿ ವಿಶ್ರಮಿಸಿ ಅದು ಆ ಕೊಬ್ಬನ್ನು ಗಳಿಸುತ್ತದೆ. ನೀರಿನಿಂದ ಮೇಲೇಳುವುದು ಅದರ ಅತಿ ಶ್ರಮದ ಕೆಲಸಗಳಲ್ಲೊಂದು. ದಿನಕ್ಕೆ ನಾಲ್ಕು ಬಾರಿ ಅನಗತ್ಯವಾಗಿ ಎಬ್ಬಿಸಿದರೆ ಮರುಪ್ರಯಾಣದ ಬುತ್ತಿಗೇ ಕೈ ಹಾಕಿದಂತೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿ ಧಾಮದೊಳಗೆ ಛಾಯಾಗ್ರಹಣಕ್ಕೆ ಹೋಗಲು ಅನುಮತಿ ಬೇಕು. ಆದರೆ ಕಾಯ್ದೆ ಎಲ್ಲೆಡೆ ಕಾವಲು ನಿಲ್ಲಲಾರದು. ಹಕ್ಕಿಯೇ ನಿಮಗೆ ಎಚ್ಚರಿಕೆ ಕೊಡುತ್ತದೆ. ಮೇಯುತ್ತಿದ್ದ, ತೂಕಡಿಸುತ್ತಿದ್ದ ಹೆಬ್ಬಾತುಗಳು ಒಮ್ಮೆಲೇ ಕೊರಳನ್ನು ನೆಟ್ಟಗೆ ಮಾಡಿ ನಿಮ್ಮತ್ತ ನೋಡಿದರೆ, ಅಲ್ಲಿಗೆ ನಿಮ್ಮ ಹೆಜ್ಜೆ ಮುಗಿಯಿತು. ಎರಡು ಹೆಜ್ಜೆ ಹಿಂದೆ ಸರಿದು ಕುಳಿತುಬಿಡಿ. ಅರ್ಧ ಗಂಟೆ ಕಳೆಯಲಿ. ಅವು ನಿಮ್ಮನ್ನು ಬದುವಿನ ಕಲ್ಲಿನಂತೆ ಮರೆತಾಗ, ತಾವಾಗಿಯೇ ಈಜಿ ಹತ್ತಿರ ಬರಬಹುದು.

ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಹಳಗನ್ನಡದಲ್ಲಿ ಪುಲಿ ಎಂದರೆ ಹುಲಿ. ಹೆಸರನ್ನು ಬಿಡಿಸಿದರೆ ಹುಲಿಯೂ ಕೆರೆಯೂ ಎರಡೂ ಸಿಗುತ್ತವೆ. ಇಂದು ಆ ಸೀಮೆಯಲ್ಲಿ ಹುಲಿ ಹೆಸರಿನಲ್ಲಿ ಮಾತ್ರ ಉಳಿದಿದೆ. ಕೆರೆಗಳೂ ಅವುಗಳ ಹಕ್ಕಿಗಳೂ ಇನ್ನೂ ಇವೆ. ಕೆಪ್ಲರನಿಂದ ಇಂದಿನವರೆಗೆ ನಾಲ್ಕು ನೂರು ವರ್ಷಗಳ ವಿಜ್ಞಾನ ನಮಗೆ ಕೊಟ್ಟಿರುವುದು ದೂರದಲ್ಲಿಯೇ ನಿಂತು ಚೆನ್ನಾಗಿ ನೋಡುವ ಸೌಲಭ್ಯವನ್ನು. ಮುಂದಿನ ಚಳಿಗಾಲದಲ್ಲಿ ಮಾಗಡಿಗೆ ಹೋಗುವಾಗ 300 ಇರಲಿ, 600 ಇರಲಿ, ಆ ನೂರು ಮೀಟರನ್ನು ಹಕ್ಕಿಗೆ ಬಿಟ್ಟುಕೊಡಿ. ಉಳಿದುದನ್ನು ಮಸೂರ ನೋಡಿಕೊಳ್ಳುತ್ತದೆ.